ತೌಡಪ್ಪನ ಮರಿಮಗ

ಗಿರೀಶನ ಮುತ್ತಾತನಿಗೆ ಬೇರೆ ಯಾವ ಹೆಸರಿಟ್ಟಿದ್ದರೂ ನಡೆಯುತ್ತಿತ್ತು. ಇಟ್ಟವರು ತೌಡಪ್ಪ ಅಂತ ಇಟ್ಟಿದ್ದರು.

ಚಿಕ್ಕಜಾಜೂರು ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ಗಿರೀಶನಿಗೆ ಮೂವತ್ಮೂರು ತುಂಬಿತ್ತು. ಒಂಬತ್ತು ಹೆಣ್ಣು ತಪ್ಪಿಹೋಗಿದ್ದವು. ಹತ್ತನೆಯವಳು ಹೊಸದುರ್ಗದ ಹತ್ತಿರದ ಹಟ್ಟಿಯ ನೇತ್ರಾವತಿ, ಅಂಗನವಾಡಿ ಟೀಚರು. ಫೋನಿನಲ್ಲಿ ಅವನ ಒಂದು ಮಾತಿಗೆ ನಕ್ಕಿದ್ದಳು. ಆ ನಗು ಕೇಳಿದ ಮೇಲೆ ಮದುವೆಯಾದರೆ ಇವಳನ್ನೇ ಅಂತ ಗಿರೀಶ ನಿಶ್ಚಯಿಸಿಬಿಟ್ಟಿದ್ದ. ಗೋತ್ರದಂಥ ಬೆಡಗೂ ಇಬ್ಬರದು ಬೇರೆ ಬೇರೆ. ಒಂದೇ ಬೆಡಗಾದರೆ ಅಣ್ಣ-ತಂಗಿ ಲೆಕ್ಕ, ಮದುವೆಯ ಮಾತೇ ಇಲ್ಲ. ಉಳಿದದ್ದು ಹುಡುಗಿಯ ಅಜ್ಜಿ ಮುದ್ದಕ್ಕನ ಷರತ್ತು ಮಾತ್ರ: ಗಂಡಿನವರು ಮೂರು ತಲೆಮಾರಿನ ಹೆಸರು ಬರೆದು ತರಬೇಕು.

ಅದಕ್ಕಾಗಿ ಗಿರೀಶ ಮೂರು ವಾರ ಹೊಳಲ್ಕೆರೆಗೆ ಅಲೆದು, ಹಳೇ ಪಹಣಿಗಳ ಧೂಳು ಕುಡಿದು ವಂಶವೃಕ್ಷ ಬರೆದುಕೊಂಡಿದ್ದ. ಅಪ್ಪ ದಿವಂಗತ ಯತ್ತಪ್ಪ, ತಾತ ಗೊಲ್ಲಪ್ಪ. ಇಲ್ಲಿಯವರೆಗೆ ಮಾನ ಉಳಿದಿತ್ತು. ಅದರ ಮೇಲೆ ತೌಡಪ್ಪ. ತೌಡಪ್ಪನ ತಂಗಿಯರು ಸಾಕಮ್ಮ, ಬ್ಯಾಡಕ್ಕ.

ಭಾನುವಾರ ಬೆಳಿಗ್ಗೆ ಹೊರಡುವ ಮುಂಚೆ ಟೀ ಅಂಗಡಿಯಲ್ಲಿ ಆ ಕಾಗದ ಗೆಳೆಯ ಯೋಗೇಶನ ಕೈಗೆ ಸಿಕ್ಕಿತು. ಯೋಗೇಶ ಗಿರೀಶನ ಜೊತೆಯೇ ಕೆಲಸ ಮಾಡುವವನು, ಅವರ ಜಾತಿಯವನೇ, ಅವನಿಗೂ ಮದುವೆಯಾಗಿರಲಿಲ್ಲ. ಅವತ್ತು ಕಾರು ಅವನದು.

"ಲೇ, ತೌಡಪ್ಪ ಅಂದ್ರೆ ಯಾವ ಹೆಣ್ಣು ಒಪ್ತಾಳಲೇ?" ಎಂದ ಯೋಗೇಶ.

"ಎಮ್ಮೆ ಆದ್ರೆ ಒಪ್ತಿತ್ತು," ಅಂದ ಟೀ ಅಂಗಡಿಯ ಮಂಜಣ್ಣ, ಹಾಲು ಕಾಯಿಸುತ್ತ.

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಗಿರೀಶನಿಗೆ ನೇತ್ರಾವತಿಯೂ ಹೀಗೇ ನಕ್ಕಂತೆ ಕಂಡಿತು.

"ನಮ್ ಮುತ್ತಾತನ ಹೆಸ್ರು ದೊರೆಯಪ್ಪ. ಅದನ್ನೇ ಬರ್ಕೋ ಅತ್ಲಾಗೆ," ಎಂದ ಯೋಗೇಶ. "ಸತ್ತೋನು ಬಂದು ಕೇಳ್ತಾನಾ?"

ಗಿರೀಶ ಹೊಸ ಹಾಳೆ ತಗೊಂಡು ಬರೆದ.

ಹಟ್ಟಿಯಲ್ಲಿ ಮುದ್ದಕ್ಕ ಕಂಬಕ್ಕೊರಗಿ ಕೂತಿದ್ದಳು. "ಬರ್ರಿ, ಕುಂತ್ಕಳ್ರಿ. ಎಲ್ಲಪ್ಪ ಹೆಸ್ರು?"

ಗಿರೀಶ ಓದಿದ. ಕೊನೆಯದನ್ನು ಸ್ವಲ್ಪ ಎತ್ತರದ ದನಿಯಲ್ಲಿ ಓದಿದ.

"ದೊರೆಯಪ್ಪ! ಹೆಸ್ರು ಅಂದ್ರೆ ಹಿಂಗಿರ್ಬೇಕು," ಎಂದು ಮುದ್ದಕ್ಕ ತಲೆದೂಗಿದಳು. ಅಡಿಗೆಮನೆಯ ಬಾಗಿಲಲ್ಲಿ ನೇತ್ರಾವತಿಯ ಸೀರೆಯಂಚು ಕಂಡಿತು. ಗಿರೀಶ ಅರ್ಧ ಗೆದ್ದಿದ್ದ.

ಅಷ್ಟರಲ್ಲಿ ಜೊತೆಗೆ ಬಂದಿದ್ದ ಅವನ ತಾಯಿ ಕೆಂಚಕ್ಕ ಮಂಡಕ್ಕಿ ತಟ್ಟೆಯಿಂದ ತಲೆಯೆತ್ತಿದಳು. "ಯಾವನಲೇ ಅವ್ನು ದೊರೆಯಪ್ಪ? ನಿಮ್ ಮುತ್ತಾತ ತೌಡಪ್ಪ ಅಲ್ವೇನ್ಲಾ?"

ಯೋಗೇಶ ಸೂರಿನ ಜಂತಿ ಎಣಿಸತೊಡಗಿದ. ಗಿರೀಶನಿಗೆ ಅವಮಾನದಿಂದ ಕಿವಿಯೆಲ್ಲ ಕಾದುಹೋಯಿತು. ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ಒಪ್ಪಿಕೊಂಡ. "ಹೌದಜ್ಜಿ. ತೌಡಪ್ಪನೇ. ನಗ್ತೀರೇನೋ ಅಂತ ಸುಳ್ಳು ಹೇಳ್ದೆ."

ಮುದ್ದಕ್ಕ ನಗಲಿಲ್ಲ. ಎದ್ದು ಬಂದು ಅವನ ಗಲ್ಲ ಹಿಡಿದಳು. ಕಣ್ಣು ತುಂಬಿದ್ದವು.

"ನೀನು ನಮ್ ತೌಡಪ್ಪನ ಮರಿಮಗನಾ? ಆವಾಗ ಕುರಿ ಹೊಡ್ಕಂಡು ಬಂದು ಪಕ್ಕದ ಗುಡ್ಲಾಗಿದ್ರಂತೆ ನಿಮ್ಮೋರು. ಎರಡು ಗಂಡುಕೂಸು ತೀರ್ಕೊಂಡಿದ್ವಂತೆ. ಮೂರನೇದು ಉಳೀಲಿ ಅಂತ ನಮ್ಮತ್ತೇರ ಅತ್ತೆಗೆ ಮಾರಿದ್ರು, ಒಂದು ಮೊರ ತೌಡಿಗೆ. ಅದ್ಕೇ ತೌಡಪ್ಪ. ಸಾಕ್ಕೊಡ್ತೀವಿ ಅಂತ ಹೆತ್ತೋರೇ ಕೂಸ್ನ ಇಸ್ಕಂಡು ಹೋದೋರು ಮತ್ತೆ ಈ ಕಡೆ ತಲೇನೇ ಹಾಕ್ಲಿಲ್ಲ."

ಗಿರೀಶನಿಗೆ ಹೋದ ಜೀವ ಬಂದಂತಾಯಿತು. "ಹಂಗಾದ್ರೆ ಒಪ್ಪಿಗೆ ಏನಜ್ಜಿ?"

"ಒಪ್ಪಿಗೆ ಯಾಕಪ್ಪ? ನೀನು ಈ ಮನೆ ಮಗನೇ!"

ಮೂಲೆಯಲ್ಲಿದ್ದ ಹುಡುಗಿಯ ಅಪ್ಪ ಜುಂಜಣ್ಣ ಕೆಮ್ಮಿದ. "ಅಂದ್ರೆ, ಅವ್ವಾ, ನಮ್ಮೋರು ಕೊಂಡ ಕೂಸು ಅಂದ್ಮೇಲೆ ನಮ್ ಬೆಡಗೇ ಆತು. ನೇತ್ರಾ ಇವನಿಗೆ ತಂಗಿ ಆಗ್ಬೇಕು."

"ಮತ್ತೆ? ತಂಗೀನೇ," ಎಂದಳು ಮುದ್ದಕ್ಕ ಸಂತೋಷದಿಂದ.

"ಆ ತೌಡು ವಾಪಸ್ ಕೊಡ್ತೀನಜ್ಜಿ!" ಗಿರೀಶ ಎದ್ದೇ ನಿಂತ. "ಮೊರ ಅಲ್ಲ, ಎರಡು ಮೂಟೆ ಇವತ್ತೇ ತಂದು ಹಾಕ್ತೀನಿ!"

"ನೂರು ವರ್ಷಕ್ಕೆ ಸಿಕ್ಕಿದ ಮಗನ್ನ ತೌಡಿಗೆ ಬಿಟ್ಕೊಡ್ತೀವಾ? ಕುಂತ್ಕಳೋ," ಎಂದು ಮುದ್ದಕ್ಕ ಗದರಿದಳು. ಆಮೇಲೆ ಬಿದ್ದಿದ್ದ ಹಾಳೆ ಎತ್ತಿಕೊಂಡಳು. "ಅಲ್ಲಾ, ಈ ದೊರೆಯಪ್ಪ ಯಾರ ಮುತ್ತಾತ?"

ಯೋಗೇಶ ಜಂತಿ ಎಣಿಸುವುದನ್ನು ಬಿಟ್ಟ. "ನಮ್ ಮುತ್ತಾತ ಕಣಜ್ಜಿ," ಎಂದ ಮೆಲ್ಲಗೆ.

"ಯಾವ ಬೆಡಗಪ್ಪ?"

ಹೇಳಿದ. ಬೇರೆಯದೇ ಬೆಡಗು.

"ಮದುವೆ ಆಗೈತಾ?"

"ಇಲ್ಲಜ್ಜಿ."

ಅಡಿಗೆಮನೆಯ ಬಾಗಿಲಲ್ಲಿ ನೇತ್ರಾವತಿ ನಕ್ಕಳು. ಫೋನಿನಲ್ಲಿ ಕೇಳಿದ್ದ ಅದೇ ನಗು. ಗಿರೀಶನ ಎದೆ ಚುರ್ರೆಂದಿತು.

ಮುದ್ದಕ್ಕ ಬೆಲ್ಲದ ತಟ್ಟೆ ತರಿಸಿ ಗಿರೀಶನ ಕೈಗೇ ಇಟ್ಟಳು. "ಅಣ್ಣ ಆದೋನು ನೀನೇ ಕೊಡ್ಬೇಕು ಕಣಪ್ಪ, ಗಂಡಿಗೆ."