ನಮ್ಮ ಡೈರಿ ಸೆಕ್ರೆಟರಿಗೆ ನಾನು ಕೊಟ್ಟ ನೋಟಿಸು

ಕೂತಲ್ಲಿ ಕೂರುವ ಮನುಷ್ಯ ನಾನಲ್ಲ. ಅದಕ್ಕೇ ಏನೋ, ನಾನು ಎಲ್ಲಿ ಕೂತರೂ ಅಲ್ಲಿ ಒಂದಲ್ಲ ಒಂದು ನಡೆಯುತ್ತಲೇ ಇರುತ್ತದೆ. ನಂದಿದುರ್ಗ ಅನ್ನುವ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದಾಗ ಬೆಳಗಿನ ಸೈರನ್ ಊದುವವನು ಗಡಿಯಾರ ನೋಡುತ್ತಿರಲಿಲ್ಲ. ನಾನು ಗೇಟು ದಾಟಿದೆನಾ ಅಂತ ನೋಡಿ ಊದುತ್ತಿದ್ದ. ನಂಬದವರು ಅವನನ್ನೇ ಕೇಳಬಹುದಿತ್ತು, ಪಾಪ, ಈಗಿಲ್ಲ. ಗಣಿ ಮುಚ್ಚಿದ ಮೇಲೆ ಬಂಗಾರಪೇಟೆ ಪಕ್ಕದ ನಮ್ಮ ಹಳ್ಳಿಗೆ ಬಂದು ಎರಡು ಸೀಮೆಹಸು ಕಟ್ಟಿದೆ. ಊರಿನ ಹಾಲು ಉತ್ಪಾದಕರ ಸಂಘ ನನ್ನಂಥವನಿಗಾಗಿಯೇ ಕಾದಿತ್ತು, ಅಧ್ಯಕ್ಷನನ್ನಾಗಿ ಮಾಡಿಬಿಟ್ಟಿತು. ಬೇರೆ ಯಾರೂ ಒಪ್ಪಿರಲಿಲ್ಲ ಅನ್ನುವುದು ಸಣ್ಣ ವಿಷಯ.

ಮೊದಲು ಸಹಿ

ನನ್ನನ್ನೂ ಸೇರಿಸಿ ಆಡಳಿತ ಮಂಡಳಿಯಲ್ಲಿ ಒಂಬತ್ತು ಜನ ನಿರ್ದೇಶಕರು. ನಮ್ಮ ಕೈಕೆಳಗೆ ಒಬ್ಬನೇ ಸೆಕ್ರೆಟರಿ. ಬಾಗಿಲು ತೆಗೆಯುವುದು, ಹಾಲು ಅಳೆಯುವುದು, ಫ್ಯಾಟ್ ನೋಡುವುದು, ಸಭೆಯ ನಡಾವಳಿ ಬರೆಯುವುದು, ಎಲ್ಲ ಅವನೇ. ಒಬ್ಬನನ್ನು ಒಂಬತ್ತು ಜನ ಹಿಡಿತದಲ್ಲಿಡುವುದು ಏನು ಮಹಾ ಅಂತ ಮೀಸೆ ತಿರುವಿಕೊಂಡೇ ಮೊದಲ ಸಭೆಗೆ ಹೋದೆ.

ಕೂತ ಕೂಡಲೇ ಸೆಕ್ರೆಟರಿ ಮಸಾಲೆ ವಡೆ ತಟ್ಟೆ ಇಟ್ಟ. ಪಕ್ಕದಲ್ಲೇ ನಡಾವಳಿ ಪುಸ್ತಕ ತೆರೆದಿಟ್ಟ. ಹಾಳೆ ಖಾಲಿ. ಎಲ್ಲರೂ ಎಣ್ಣೆಗೈಯಲ್ಲೇ ಕೆಳಗೆ ಸಹಿ ಹಾಕಿದರು. ನಮ್ಮ ಪುಸ್ತಕದಲ್ಲಿ ಸಹಿಯೂ ಹೆಬ್ಬೆಟ್ಟೂ ಒಟ್ಟಿಗೇ ಬೀಳುತ್ತವೆ. ವಡೆ ಮುಗಿಯಿತು, ಎದ್ದರು. ನಾನು ಸುಮ್ಮನಿರಲಾರದೆ, ಇವತ್ತು ನಾವು ಏನು ತೀರ್ಮಾನ ಮಾಡಿದೆವು ಅಂತ ಕೇಳಿದೆ.

ಹಿರಿಯ ನಿರ್ದೇಶಕರೊಬ್ಬರು ಕನಿಕರದಿಂದ ನೋಡಿದರು. "ಅದೆಂಗಪ್ಪ ಇವತ್ತೇ ಗೊತ್ತಾಯ್ತದೆ? ಸೆಕ್ರೆಟರಿ ಬರೆದ ಮೇಲೆ ತಾನೇ."

ಹೊಸ ಹೆಸರು

ಮೇಲಿನವರಿಂದ ಒಂದು ಸುತ್ತೋಲೆ ಬಂತು: ಇನ್ನು ಮುಂದೆ ಸೆಕ್ರೆಟರಿ ಅನ್ನಬಾರದು, ಮುಖ್ಯ ಕಾರ್ಯನಿರ್ವಾಹಕ ಅನ್ನಬೇಕು. ಹೆಸರು ಬದಲಾದದ್ದೇ ತಡ, ನಡಿಗೆಯೂ ಬದಲಾಯಿತು. ಬೆಳಿಗ್ಗೆ ಆರಕ್ಕೆ ತೆಗೆಯುತ್ತಿದ್ದ ಡೈರಿ ಬಾಗಿಲು ಆರೂಕಾಲಾಯಿತು, ಆರೂವರೆಯಾಯಿತು. ನಮಗೇನೂ ತೊಂದರೆಯಾಗಲಿಲ್ಲ. ನಿರ್ದೇಶಕರ ಮನೆ ಹಾಲನ್ನು ಹೊತ್ತು ತರುವವರು ಹೆಂಡತಿಯರು.

ತೊಂದರೆಯಾದದ್ದು ನಮ್ಮ ಹಿಂದಿನ ಬೀದಿಯ ಹೆಣ್ಣುಮಗಳಿಗೆ. ಒಂದೇ ಹಸು. ಡೈರಿಗೆ ಹಾಲು ಹಾಕಿ, ಆಟೋ ಹತ್ತಿ, ಬಂಗಾರಪೇಟೆಯಲ್ಲಿ ಏಳರ ರೈಲು ಹಿಡಿದರೆ ಅವಳಿಗೆ ಫ್ಯಾಕ್ಟರಿ ಕೂಲಿ. ಮೂರು ಸಲ ರೈಲು ತಪ್ಪಿತ್ತು. ಇನ್ನೊಂದು ಸಲ ತಪ್ಪಿದರೆ ಬರಲೇಬೇಡ ಅಂದಿದ್ದನಂತೆ ಅಲ್ಲಿನ ಮೇಸ್ತ್ರಿ. ಕ್ಯಾನು ಸೊಂಟದ ಮೇಲಿಟ್ಟುಕೊಂಡೇ ನನ್ನ ಜಗಲಿಗೆ ಬಂದಳು.

"ಮಾಮ, ರೈಲು ಬುಟ್ಟು ಆಲು ಆಕ್ಲಾ, ಆಲು ಬುಟ್ಟು ರೈಲು ಅತ್ಲಾ? ಅದ್ಯಕ್ಷ ನೀನೇ ತಾನೇ, ಒಂದು ಮಾತು ಯೋಳು."

ನನ್ನ ಗಣಿರಕ್ತ ಕುದಿಯಿತು. ಚಪ್ಪಲಿ ಮೆಟ್ಟದೆ ಡೈರಿಗೆ ಓಡಿದೆ. ಸೆಕ್ರೆಟರಿ ಶಾಂತವಾಗಿ ಅಂದ: "ಅಣ್ಣಾ, ಬಾಗ್ಲು ತೆಗೆಯೋದು ಸೆಕ್ರೆಟರಿ ಕೆಲ್ಸ. ಈಗ ಸಂಘದಲ್ಲಿ ಆ ಹುದ್ದೇನೇ ಇಲ್ವಲ್ಲ."

ಸಂಘದ ಟೈಮು

ಮಂಡಳಿ ಸುಮ್ಮನೆ ಕೂರಲಿಲ್ಲ. ಒಂದು ದೊಡ್ಡ ಗೋಡೆ ಗಡಿಯಾರ ತಂದೆವು. ದೂರದ ಗಣಿ ಕಡೆಯ ಊರಿಗಾಂ ಸ್ಟೇಷನ್ನಿನಲ್ಲಿ ನಿಂತರೂ ಕಾಣಿಸಬೇಕು, ಅಷ್ಟು ದೊಡ್ಡದು. ಅದು ಆರು ತೋರಿಸಿದಾಗ ಬಾಗಿಲು ತೆಗೆಯತಕ್ಕದ್ದು ಅಂತ ಗುಡುಗಿದೆ. ಸೆಕ್ರೆಟರಿ ತಲೆಯಾಡಿಸಿ ಬರೆದುಕೊಂಡ.

ನಿರ್ಣಯವನ್ನು ಅವನು ಒಂದು ದಿನವೂ ಮುರಿಯಲಿಲ್ಲ. ಒಂದು ದಿನ ಆರೂಕಾಲಿಗೆ, ಇನ್ನೊಂದು ದಿನ ಆರೂವರೆಗೆ ಬಂದು, ಸ್ಟೂಲು ಹತ್ತಿ, ಮುಳ್ಳನ್ನು ಆರಕ್ಕೆ ತಿರುಗಿಸಿ, ಇಳಿದು ಬಂದು ಹಾಲಿನ ಕೌಂಟರ್ ತೆಗೆಯುತ್ತಿದ್ದ. ತಿಂಗಳು ಪೂರ್ತಿ ವರದಿ ಚೊಕ್ಕ: ಸರಿಯಾಗಿ ಆರು ಗಂಟೆ. ನಾನು ಅದನ್ನು ಆ ಹೆಣ್ಣುಮಗಳಿಗೆ ಹೆಮ್ಮೆಯಿಂದ ತೋರಿಸಿದೆ.

"ಬಲೇ ಚೆನ್ನಾಗೈತೆ ಮಾಮ," ಅಂದಳು. "ಇದೇ ಟೈಮು ರೈಲಿನೋರ್ಗೂ ಒಸಿ ತಿಳಿಸ್ಬುಡಿ."

ದಿಢೀರ್ ತಪಾಸಣೆ

ನಾನು ಅಂಗಳದಲ್ಲಿ ಶತಪಥ ಹಾಕುತ್ತಾ ಉಪಾಯ ಹುಡುಕಿದೆ. ಒಂಬತ್ತೂ ಜನ ಹೇಳದೆ ಕೇಳದೆ ಬೆಳಿಗ್ಗೆ ಆರಕ್ಕೆ ನುಗ್ಗಬೇಕು. ಪರಮ ಗುಟ್ಟು. ಆದರೆ ನಿರ್ದೇಶಕರನ್ನು ಒಟ್ಟುಗೂಡಿಸಬೇಕಾದರೆ ತಿಳುವಳಿಕೆ ಪತ್ರ ಕಳಿಸಬೇಕು, ಕಳಿಸುವವನು ಸೆಕ್ರೆಟರಿ. ಅವನೇ ಸೈಕಲ್ ಹತ್ತಿ, ಮನೆಮನೆಗೂ ಹೋಗಿ, ನಾಳೆ ದಿಢೀರ್ ತಪಾಸಣೆ ಇದೆ ಅಂತ ಎಲ್ಲರ ಸಹಿ ತೆಗೆದುಕೊಂಡು ಬಂದ.

ಮಾರನೆಯ ದಿನ ಐದೂಮುಕ್ಕಾಲಿಗೇ ಬಾಗಿಲು ತೆರೆದಿತ್ತು. ನಮ್ಮ ಒಂಬತ್ತು ಜನರಲ್ಲಿ ಒಬ್ಬರೂ ಎದ್ದಿರಲಿಲ್ಲ. ನನಗಂತೂ ಹಸು ಒದ್ದ ಕಾಲು ಬೇರೆ ನೋಯುತ್ತಿತ್ತು, ಆ ಹಸು ಒದ್ದರೆ ಆನೆಯೂ ಏಳುವುದಿಲ್ಲ. ತಪಾಸಣಾ ಪುಸ್ತಕದಲ್ಲಿ ದಾಖಲಾಯಿತು: "ಮುಖ್ಯ ಕಾರ್ಯನಿರ್ವಾಹಕರು ಹಾಜರು. ತಪಾಸಣಾ ಮಂಡಳಿ ಗೈರು."

ಆ ಹೆಣ್ಣುಮಗಳು ಮಾತ್ರ ಅಂದು ಆರಾಮಾಗಿ ರೈಲು ಹಿಡಿದಿದ್ದಳು. ಸಾಯಂಕಾಲ ಸಿಕ್ಕಿದಾಗ ಹೇಳಿದಳು: "ದಿನಾ ತಪಾಸಣೆಗೆ ಬತ್ತೀವಿ ಅಂತ ಕಾಗ್ದ ಕಳ್ಸಿ ಮನೇಲೇ ಮಲೀಕಳ್ಳಿ ಮಾಮ. ನಂಗಷ್ಟು ಸಾಕು."

ನೋಟಿಸು

ಇನ್ನು ತಡೆಯಲಾಗಲಿಲ್ಲ. ಕಾರಣ ಕೇಳಿ ನೋಟಿಸು ಕೊಡಲೇಬೇಕು ಅಂತ ತೀರ್ಮಾನಿಸಿದೆ. ಆದರೆ ಅದಕ್ಕೆ ಪತ್ರದ ಸಂಖ್ಯೆ, ವಿಷಯ, ಉಲ್ಲೇಖ ಅಂತ ಒಂದು ಕ್ರಮವಿದೆ. ನಮ್ಮೂರಲ್ಲಿ ಅದು ಬರುವುದು ಒಬ್ಬನಿಗೆ. ಅವನನ್ನೇ ಕರೆಸಿದೆ.

"ಯಾರಿಗಣ್ಣಾ ನೋಟಿಸು?"

"ನಿನಗೇ ಕಣಪ್ಪಾ."

ಅವನು ಪೆನ್ನಿನ ಮುಚ್ಚಳ ತೆಗೆದ. "ಗಟ್ಟಿಯಾಗಿ ಬರೀಲಾ, ಮೆತ್ತಗೆ ಬರೀಲಾ?"

ಗಟ್ಟಿಯಾಗೇ ಬರಿ ಅಂದೆ. ಬರೆದ ನೋಡಿ! ಕರ್ತವ್ಯಲೋಪ, ದಿವ್ಯ ನಿರ್ಲಕ್ಷ್ಯ, ಸಂಘದ ಘನತೆಗೆ ಧಕ್ಕೆ. ಓದುತ್ತಾ ಓದುತ್ತಾ ನನಗೇ ಅವನ ಮೇಲೆ ಪಾಪ ಅನ್ನಿಸಿತು. ಇಷ್ಟು ಬೇಡ, ಮನೆಯವರು ಓದಿದರೆ ನೊಂದುಕೊಳ್ಳುತ್ತಾರೆ ಅಂದರೆ ಅವನೇ ಒಪ್ಪಲಿಲ್ಲ. ತಪ್ಪು ಮಾಡಿದವನಿಗೆ ಹೀಗೇ ಬರೆಯಬೇಕು ಅಂತ ನನಗೇ ಧೈರ್ಯ ಹೇಳಿದ. ಅವನು ತಂದಿಟ್ಟ ವಡೆ ತಿನ್ನುತ್ತಲೇ ಸಹಿ ಹಾಕಿದೆ. ಹಾಳೆ ಮಗುಚಿ ಇಲ್ಲೊಂದು ಅಂದ, ಹಾಕಿದೆ. ಇಲ್ಲೊಂದು ಅಂದ, ಹಾಕಿದೆ.

ವಾರವಿಡೀ ಬಂಗಾರಪೇಟೆ ಸ್ಟೇಷನ್ನಿನ ಟೀ ಅಂಗಡಿಯಲ್ಲಿ ಈ ನೋಟಿಸಿನ ಕಥೆ ಹೇಳಿದ್ದೇ ಹೇಳಿದ್ದು. ಆಮೇಲೆ ಉತ್ತರ ಎಲ್ಲಿ ಅಂತ ಗದರಿದೆ. ಅವನು ಕಡತ ಬಿಚ್ಚಿದ. ಮೊದಲ ಹಾಳೆ ನೋಟಿಸು. ಎರಡನೆಯದು ಅವನ ಉತ್ತರ, ಸ್ವೀಕರಿಸಿದೆ ಅಂತ ನನ್ನ ಸಹಿ. ಮೂರನೆಯದರಲ್ಲಿ ಹೀಗಿತ್ತು: "ವಿವರಣೆ ತೃಪ್ತಿಕರವಾಗಿದೆ. ಮುಖ್ಯ ಕಾರ್ಯನಿರ್ವಾಹಕರ ಸಮಯಪಾಲನೆಗೆ ಮಂಡಳಿಯ ಅಭಿನಂದನೆಗಳು." ಕೆಳಗೆ ಅಧ್ಯಕ್ಷರ ಸಹಿ, ಪಕ್ಕದಲ್ಲಿ ವಡೆಯ ಎಣ್ಣೆ.

ಖಾಲಿ ಕುರ್ಚಿ

ಅದೇ ವಾರ ಆ ಹೆಣ್ಣುಮಗಳು ಕಾದು ಕಾದು, ಕ್ಯಾನನ್ನು ಡೈರಿ ಮೆಟ್ಟಿಲ ಮೇಲೇ ಇಟ್ಟು ರೈಲಿಗೆ ಓಡಿದಳು. ಕೆಲಸ ಉಳಿಯಿತು, ಬಿಸಿಲಿಗೆ ಹಾಲು ಒಡೆಯಿತು. ಸಾಯಂಕಾಲ ಆ ಕ್ಯಾನನ್ನು ತಂದು ಮಂಡಳಿಯ ಮೇಜಿನ ಮೇಲಿಟ್ಟು ಹೋದಳು. ಅಂದು ವಡೆ ಯಾರಿಗೂ ಇಳಿಯಲಿಲ್ಲ.

ಒಬ್ಬ ನಿರ್ದೇಶಕರು ಹಸು ಮಾರಿ ಸದಸ್ಯತ್ವ ಕಳೆದುಕೊಂಡಿದ್ದರಿಂದ ಒಂದು ಕುರ್ಚಿ ಖಾಲಿಯಿತ್ತು. ಅವಳನ್ನೇ ಕೂರಿಸೋಣ ಅಂದೆ. ಹಿರಿಯ ನಿರ್ದೇಶಕರು ತಕ್ಷಣ ಒಪ್ಪಿದರು. "ಒಳ್ಳೇ ಉಪಾಯ. ಡೈರೆಕ್ಟರ್ ಆದ್ರೆ ಸುಮ್ನಾಗ್ತಾಳೆ. ನಾವೆಲ್ಲ ಅಂಗೇ ಅಲ್ವಾ ಸುಮ್ನಾಗಿದ್ದು."

ಅವಳು ಸುಮ್ಮನಾಗಲಿಲ್ಲ. ಮೊದಲ ಸಭೆಯಲ್ಲೇ ವಡೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಪುಸ್ತಕ ತನ್ನ ಕಡೆ ಎಳೆದುಕೊಂಡು, ನಿರ್ಣಯವನ್ನು ತಾನೇ ಬರೆದು ಜೋರಾಗಿ ಓದಿದಳು: ದಿನಕ್ಕೊಬ್ಬ ನಿರ್ದೇಶಕ ಸ್ವಂತ ಕ್ಯಾನು ಹಿಡಿದು ಆರಕ್ಕೆ ಸಾಲಿನಲ್ಲಿ ನಿಲ್ಲಬೇಕು, ಬಾಗಿಲು ತೆಗೆದ ಹೊತ್ತನ್ನು ತಾನೇ ಬರೆಯಬೇಕು. ತಡ ಮಾಡಿದವರು ಯಾರೇ ಆಗಲಿ, ಸರ್ವ ಸದಸ್ಯರ ಸಭೆಯಲ್ಲಿ ಎದ್ದು ನಿಂತು ಕಾರಣ ಹೇಳಬೇಕು. ಆಮೇಲೆ ಎಲ್ಲರ ಕೈ ತೊಳೆಸಿ ಸಹಿ ಹಾಕಿಸಿದಳು.

ಅಂದಿನಿಂದ ನಮ್ಮ ಡೈರಿ ಬಾಗಿಲು ನೋಡಿ ನೀವು ಗಡಿಯಾರ ಸರಿಮಾಡಿಕೊಳ್ಳಬಹುದು. ಅವಳಿಗೆ ರೈಲಿನಲ್ಲಿ ಕಿಟಕಿ ಪಕ್ಕದ ಸೀಟೇ ಸಿಗುತ್ತಿದೆಯಂತೆ. ನಾನು ಕಟ್ಟಿದ ಶಿಸ್ತು ಅಂತ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ, ನನ್ನ ಸರದಿಯ ದಿನ ನಾನೇ ಆರೂಕಾಲಿಗೆ ಹೋಗುವವರೆಗೆ.

ಸಾಯಂಕಾಲಕ್ಕೆ ನೋಟಿಸು ಬಂತು. ಅಧ್ಯಕ್ಷರೇ ತಡವಾಗಿ ಬಂದದ್ದೇಕೆ? ಅವಳದೇ ಕೈಬರಹ, ಗಟ್ಟಿಯಾಗೇ ಇತ್ತು. ನಾನು ಅಭ್ಯಾಸಬಲದಿಂದ ನೆಟ್ಟಗೆ ಸೆಕ್ರೆಟರಿ ಹತ್ತಿರ ಓಡಿದೆ, ನೋಟಿಸಿನ ಜೊತೆ ಇನ್ನೆರಡು ಖಾಲಿ ಹಾಳೆ ಹಿಡಿದುಕೊಂಡು. ಅವನು ನೋಟಿಸನ್ನು ಎರಡು ಸಲ ಓದಿದ, ಮಡಚಿ ನನ್ನ ಕೈಗೇ ಕೊಟ್ಟ.

"ಉತ್ರ ಬರ್ಕೊಡ್ತೀನಣ್ಣಾ, ಅದಕ್ಕೇನು. ಆದ್ರೆ ತೃಪ್ತಿಕರ ಅಂತ ಬರೆಯೋ ಪುಸ್ತಕ ಈಗ ಆಯಮ್ಮನ ಅತ್ರ ಐತೆ."