ಕಾಣದ ಅರವತ್ತು ಜಿಬಿ

ಪೆನ್ ಡ್ರೈವು ಕುಗ್ಗಿಹೋಗಿದೆ ಅಂತ ಯಾರಾದರೂ ಫೋನ್ ಮಾಡದ ತಿಂಗಳು ನನಗೆ ನೆನಪಿಲ್ಲ. ಎಲ್ಕ್ ಗ್ರೋವ್ ವಿಲೇಜಿನ ಒಂದು ಡೇಟಾ ಸೆಂಟರಿನಲ್ಲಿ ಡಿಸ್ಕುಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ಅಷ್ಟು ಗೊತ್ತಾದರೆ ಸಾಕು, ಈ ಪರದೇಶದಲ್ಲಿ ನಮ್ಮ ಕಡೆಯವರಿಗೆ ನಾನು ಡಿಸ್ಕು ಡಾಕ್ಟರು. "ನಿನ್ನೆ ಅರವತ್ತನಾಲ್ಕು ಜಿಬಿ ಇತ್ತು ಕಣ್ರೀ, ಇವತ್ತು ಬರೀ ಮೂವತ್ತೆರಡು ಎಂಬಿ ತೋರಿಸ್ತಿದೆ" ಅಂತಾರೆ. ಅದನ್ನೂ ದನಿ ತಗ್ಗಿಸಿ, ಪಕ್ಕದ ರೂಮಿನಲ್ಲಿ ಯಾರೋ ಕಾಯಿಲೆ ಮಲಗಿದ್ದಾರೆ ಅನ್ನುವ ಹಾಗೆ.

ವಿಷಯ ದೊಡ್ಡದೇನಲ್ಲ. ಟೀವಿಯೋ, ಮ್ಯಾಕೋ, ಲಿನಕ್ಸೋ ಆ ಡ್ರೈವನ್ನು ತನಗೆ ಬೇಕಾದ ಹಾಗೆ ಫಾರ್ಮ್ಯಾಟ್ ಮಾಡಿಕೊಂಡಿರುತ್ತದೆ. ಆಮೇಲೆ ವಿಂಡೋಸಿಗೆ ಹಾಕಿದರೆ ಅದರ ಕಣ್ಣಿಗೆ ಒಂದು ಚೂರು ಮಾತ್ರ ಬೀಳುತ್ತದೆ. "ಉಳಿದದ್ದೆಲ್ಲ ಅಲ್ಲೇ ಇದೆ, ನಿಮಗೆ ಕಾಣ್ತಿಲ್ಲ ಅಷ್ಟೆ" ಅಂತ ನಾನು ಎಷ್ಟೇ ಸಮಾಧಾನವಾಗಿ ಹೇಳಿದರೂ, ಕೇಳಿದವರು ಒಂದು ಸಲ ಹಿಂದೆ ತಿರುಗಿ ನೋಡದೆ ಇರುವುದಿಲ್ಲ.

ಹೆಸರು ಕೇಳಿದ್ದು

ಡೌನರ್ಸ್ ಗ್ರೋವಿನಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಒಬ್ಬ ಆಂಟಿ ಇದ್ದಾರೆ. ಮೈಸೂರಿನವರು. ಮಗ, ಸೊಸೆ ಆಫೀಸಿಗೆ ಹೋದಮೇಲೆ ಹಗಲೆಲ್ಲ ಮನೆಯಲ್ಲಿ ಅವರೊಬ್ಬರೇ. ದೇವರನಾಮ ತುಂಬಿದ ಪೆನ್ ಡ್ರೈವನ್ನು ಹೊಸ ಟೀವಿಗೆ ಹಾಕಿದ್ದಾರೆ. ಟೀವಿ ಏನೋ ಕೇಳಿದೆ. ಇವರು ರಿಮೋಟಿನಲ್ಲಿ ಓಕೆ ಒತ್ತಿದ್ದಾರೆ. ಹಾಡೂ ಹೋಯಿತು, ಜಾಗವೂ ಹೋಯಿತು.

ನಾನು ಹೋದಾಗ ಹೊರಗೆ ಬೂದಿ ಬಣ್ಣದ ಮಧ್ಯಾಹ್ನ. ಗಾಳಿಗೆ ಮೇಲ್ಮಹಡಿಯಲ್ಲಿ ಏನೋ ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಹಾಡುಗಳ ಇನ್ನೊಂದು ಪ್ರತಿ ಲ್ಯಾಪ್‌ಟಾಪಿನಲ್ಲಿ ಇದ್ದದ್ದರಿಂದ ನನಗೆ ಆತಂಕವಿರಲಿಲ್ಲ. ಡಿಸ್ಕಿನ ನಕ್ಷೆ ತೆರೆದು ತೋರಿಸಿದೆ. ಒಂದು ಮೂಲೆಯಲ್ಲಿ ಚೂರು ನೀಲಿ, ಉಳಿದದ್ದೆಲ್ಲ ಕಪ್ಪು ಪಟ್ಟಿ.

"ಆ ಕಪ್ಪಗಿರೋದರಲ್ಲಿ ಯಾರಿದಾರೆ?" ಅಂದರು ಆಂಟಿ. ಏನಿದೆ ಅಂತ ಕೇಳಲಿಲ್ಲ, ಯಾರಿದ್ದಾರೆ ಅಂತ ಕೇಳಿದರು.

"ಯಾರೂ ಇಲ್ಲ ಆಂಟಿ. ಅದು ಯಾರ ಹೆಸರಲ್ಲೂ ಇಲ್ಲದ ಜಾಗ."

"ಹಾಗಂದ್ರೆ ಇನ್ನೂ ಮೋಸ ಕಣಮ್ಮ."

ತುಂಡುಗಳನ್ನೆಲ್ಲ ಅಳಿಸಿ, ಒಟ್ಟಿಗೆ ಒಂದೇ ಭಾಗ ಮಾಡಿ, ಹೊಸದಾಗಿ ಫಾರ್ಮ್ಯಾಟಿಗೆ ಕೊಟ್ಟೆ. ಡ್ರೈವಿಗೆ ಏನು ಹೆಸರಿಡಲಿ ಅಂತ ಕಂಪ್ಯೂಟರು ಕೇಳಿತು. ನಾನು ಅದನ್ನೇ ಗಟ್ಟಿಯಾಗಿ ಓದಿದೆ: "ಹೆಸರು ಕೇಳ್ತಿದೆ ಆಂಟಿ."

ಅವರು ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡರು. "ಹೇಳ್ಬೇಡ! ಆ ಥರ ಕರೆದು ಕೇಳೋದಕ್ಕೆ ಯಾರೂ ಹೆಸರು ಹೇಳಬಾರದು. ನಾವು ಚಿಕ್ಕವರಿದ್ದಾಗ ದೆವ್ವ ಬಂದು ಕೂಗದ ಹಾಗೆ ಬಾಗಿಲ ಮೇಲೆ ಏನು ಬರೀತಿದ್ರು, ಅದನ್ನೇ ಬರಿ."

ಬರೆದೆ. ಜಾಗವೆಲ್ಲ ವಾಪಸ್ ಬಂತು, ಹಾಡುಗಳೂ ಬಂದವು. ಇವತ್ತಿಗೂ ಬೆಳಗಿನ ಪೂಜೆ ಹೊತ್ತಿಗೆ ಆ ಡ್ರೈವನ್ನು ಚುಚ್ಚಿದರೆ ಅವರ ಟೀವಿಯ ಮೇಲೆ ದೊಡ್ಡ ಅಕ್ಷರದಲ್ಲಿ ಮೊದಲು ಬರುವುದು "ನಾಳೆ ಬಾ" ಅಂತ.

ಒಂದು ಹಾಕಿದರೆ ಎರಡು

ನಮ್ಮ ಡೇಟಾ ಸೆಂಟರಿನಲ್ಲಿ ಕೂಲಿಂಗ್ ಯಂತ್ರಗಳನ್ನು ನೋಡಿಕೊಳ್ಳುವ ಎಂಜಿನಿಯರ್ ಒಬ್ಬರು ಧಾರವಾಡದವರು. ಗಟ್ಟಿ ಆಳು. ಜನರೇಟರ್ ಪಕ್ಕ ನಿಂತು ಮಾತಾಡಿದರೂ ಅವರ ಮಾತು ಕೇಳಿಸುತ್ತದೆ. ಅಂಥವರು ಒಂದು ದಿನ ನನ್ನ ಮೇಜಿನ ಹತ್ತಿರ ಬಂದು ಪಿಸುಗುಟ್ಟಿದರು.

"ಮೇಡಂ, ಸ್ವಲ್ಪ ಬರ್ರಿ. ಪೆನ್ ಡ್ರೈವ್ ಒಂದ ಹಾಕೀನ್ರಿ. ಎರಡ ಬಂದಾವು."

ಅವರ ರೂಮು ಕಟ್ಟಡದ ಹಿಂಬದಿಗೆ, ಸರ್ವರ್ ಹಾಲಿನ ಆಚೆ ಇದೆ. ಮಧ್ಯೆ ಮನುಷ್ಯರು ಯಾರೂ ಕೂರುವುದಿಲ್ಲ. ಸಾಲು ಸಾಲು ಕಪ್ಪು ಕಪಾಟು, ಮಿಣುಕುವ ದೀಪ, ನಿಲ್ಲದೆ ಊದುವ ಫ್ಯಾನುಗಳು. ದಾಟಿಕೊಂಡು ಹೋಗಿ ನೋಡಿದರೆ ಅವರು ಹೇಳಿದ್ದು ನಿಜ. ತೆರೆಯ ಮೇಲೆ ಎರಡು ಡ್ರೈವು. ಒಂದರಲ್ಲಿ ಜಾಗವೇ ಇಲ್ಲ. ಇನ್ನೊಂದನ್ನು ಯಾರೂ ಮುಟ್ಟದೆ ಇದ್ದರೂ "ಫಾರ್ಮ್ಯಾಟ್ ಮಾಡಲೇ?" ಅನ್ನುವ ಪೆಟ್ಟಿಗೆ ಎದ್ದು ನಿಂತಿತ್ತು.

"ನಾ ಏನೂ ಒತ್ತಿಲ್ರಿ. ತಾನ ಕೇಳಾಕತ್ತೈತಿ."

"ಇದನ್ನ ಯಾರಿಗಾದ್ರೂ ಕೊಟ್ಟಿದ್ರಾ?"

"ನಿಮ್ಮ ಟೀಮಿನವ್ರಿಗೇ ಕೊಟ್ಟಿದ್ನಿ."

ಸರಿ ಹೋಯಿತು. ನಮ್ಮವರು ಅದರಲ್ಲಿ ಲಿನಕ್ಸ್ ಹಾಕುವ ಇನ್‌ಸ್ಟಾಲರ್ ಮಾಡಿ, ಕೆಲಸ ಮುಗಿಸಿ, ಹಾಗೇ ವಾಪಸ್ ಕೊಟ್ಟಿದ್ದಾರೆ. ಆ ಇನ್‌ಸ್ಟಾಲರು ಒಂದು ಡ್ರೈವನ್ನು ಎರಡು ತುಂಡು ಮಾಡಿಡುತ್ತದೆ. ನಾನು ಕುರ್ಚಿ ಎಳೆದುಕೊಂಡು ಕಮಾಂಡಿನ ಕಪ್ಪು ಪರದೆ ತೆರೆದೆ. ಯಾವ ಡಿಸ್ಕು ಅಂತ ಎರಡು ಸಲ ಖಾತ್ರಿ ಮಾಡಿಕೊಂಡು, ಶುಚಿ ಮಾಡುವ ಆಜ್ಞೆ ಕೊಟ್ಟೆ. ಅವರು ಹಿಂದೆ ಕೈಕಟ್ಟಿ, ಮಂತ್ರ ಹಾಕುವವರ ಹಿಂದೆ ನಿಂತ ಹಾಗೆ ನಿಂತಿದ್ದರು.

"ಹೋತೇನ್ರಿ?"

"ಹೋಯ್ತು."

"ಎಲ್ಲಿಗೆ ಹೋತ್ರಿ?"

ಈ ಪ್ರಶ್ನೆಯನ್ನು ಇಷ್ಟು ವರ್ಷದಲ್ಲಿ ಯಾರೂ ನನ್ನನ್ನು ಕೇಳಿರಲಿಲ್ಲ. ಏನೋ ಹೇಳಿ ಹಾರಿಸಿ, ಹೊಸ ಭಾಗ ಮಾಡಿ, ಪೂರ್ತಿ ಅಳತೆ ಬಂದದ್ದನ್ನು ತೋರಿಸಿ, ಡ್ರೈವನ್ನು ಕಿತ್ತು ಅಂಗೈಯಲ್ಲಿ ಇಟ್ಟುಕೊಂಡೆ. ಆಗ ಕಂಪ್ಯೂಟರು ಏನಾದರೂ ಚುಚ್ಚಿದಾಗ ಬರುವ "ಟುಣ್-ಟುಣ್" ಸದ್ದು ಮಾಡಿತು.

ಇಬ್ಬರೂ ತೆರೆಯ ಕಡೆ ತಿರುಗಿದೆವು. ಮತ್ತೆ "ಟುಣ್-ಟುಣ್."

"ಲೂಸ್ ಕನೆಕ್ಷನ್ ಇರಬೇಕು," ಅಂದೆ.

ಅವರು ನನ್ನ ಅಂಗೈ ನೋಡಿದರು. "ಕನೆಕ್ಷನ್ ನಿಮ್ಮ ಕೈಯಾಗ ಐತಲ್ರೀ."

ಕಂಪ್ಯೂಟರಿಗೆ ಚುಚ್ಚಿದ್ದ ವೈರ್‌ಲೆಸ್ ಮೌಸಿನ ರಿಸೀವರು ಸಡಿಲವಾಗಿತ್ತು ಅಂತ ಮರುದಿನ ಗೊತ್ತಾಯಿತು. ಆ ಹೊತ್ತಿಗೆ ಮಾತ್ರ ಇಬ್ಬರೂ ಸರ್ವರ್ ಹಾಲು ದಾಟಿ ಆಚೆಗೆ ನಡೆದುಕೊಂಡು ಬಂದೆವು. "ನಡೆದುಕೊಂಡು" ಅಂತ ಮರ್ಯಾದೆಗೆ ಬರೆದಿದ್ದೇನೆ.

ದೊಡ್ಡತ್ತೆ

ಚಳಿಗಾಲದ ಒಂದು ಶನಿವಾರ ಬೆಳಿಗ್ಗೆ ಐದು ಗಂಟೆ ದಾರಿ ದೂರದ ರಾಚೆಸ್ಟರ್ ಹಿಲ್ಸಿನಿಂದ ಫೋನು. ನನ್ನ ಗಂಡನ ದೊಡ್ಡಪ್ಪನ ಮಗ, ಅಂದರೆ ನನಗೆ ಭಾವ, ಅಲ್ಲಿ ಕಾರಿನ ಬಿಡಿಭಾಗದ ಕಂಪನಿಯಲ್ಲಿ ಇದ್ದಾರೆ. ಮಾತಾಡಿದ್ದು ಅವರ ಹೆಂಡತಿ. ನಾನು ಅಕ್ಕ ಅಂತೀನಿ.

"ನಿಮ್ಮ ಭಾವ ಅತ್ತೇನ ಅಳಿಸಿಬಿಟ್ರು ಕಣೇ," ಅಂದರು ಅಕ್ಕ. ಅಂದು ಅಳತೊಡಗಿದರು.

ಅವರ ಅತ್ತೆ, ನನಗೆ ದೊಡ್ಡತ್ತೆ, ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಇರುವಾಗ ಮೊಮ್ಮಗಳಿಗೆ ಅಂತ ಸಾರಿನ ಪುಡಿ, ಹುಳಿಪುಡಿ, ಗೊಜ್ಜು ಎಲ್ಲವನ್ನೂ ಅಡುಗೆಮನೆಯಲ್ಲೇ ನಿಂತು ಮಾಡುತ್ತಾ ಬಾಯಲ್ಲಿ ಹೇಳಿ ರೆಕಾರ್ಡ್ ಮಾಡಿಸಿದ್ದರು. ಅದೆಲ್ಲ ಇದ್ದದ್ದು ಒಂದೇ ಪೆನ್ ಡ್ರೈವಿನಲ್ಲಿ. ಭಾವ ಅದು ಖಾಲಿಯದು ಅಂದುಕೊಂಡು, ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಲು ಅದನ್ನೇ ಬಳಸಿದ್ದಾರೆ.

"ಯಾರೂ ಏನೂ ಮುಟ್ಟಬೇಡಿ. ಬರ್ತಿದೀವಿ," ಅಂದೆ.

ಐ-94 ಹೆದ್ದಾರಿಯ ಮೇಲೆ ಉದ್ದಕ್ಕೂ ಗಾಳಿ ಹಿಮವನ್ನು ಹೊಗೆಯ ಹಾಗೆ ರಸ್ತೆಗೆ ಅಡ್ಡ ಎಳೆಯುತ್ತಿತ್ತು. ನನ್ನ ಗಂಡ ಎಲ್ಲೂ ನಿಲ್ಲಿಸದೆ ಡ್ರೈವ್ ಮಾಡಿದರು. ದೊಡ್ಡತ್ತೆ ಅವರನ್ನೂ ಎತ್ತಿ ಆಡಿಸಿದ ದೊಡ್ಡಮ್ಮ.

ಮಧ್ಯಾಹ್ನ ತಲುಪಿದೆವು. ಅಕ್ಕ ಗಂಡನ ಜೊತೆ ಮಾತು ಬಿಟ್ಟಿದ್ದರು. ಊಟದ ಮೇಜಿನ ಮೇಲೆ ಪೆನ್ ಡ್ರೈವನ್ನು ಒಂದು ಬೆಳ್ಳಿ ತಟ್ಟೆಯಲ್ಲಿ ಇಟ್ಟಿದ್ದರು. ಭಾವ ಕಳ್ಳನ ಹಾಗೆ ಹತ್ತಿರ ಬಂದು ಕೇಳಿದರು. "ಫಾರ್ಮ್ಯಾಟ್ ಮಾಡಿ ಫುಲ್ ಸೈಜ್ ತಂದುಬಿಟ್ರೆ, ಒಳಗಿದ್ದದ್ದೂ ಬಂದುಬಿಡುತ್ತಲ್ವಾ?"

"ಜಾಗ ಬರುತ್ತೆ ಭಾವ. ಅಮ್ಮ ಬರಲ್ಲ. ಮೊದಲು ಅವರನ್ನ ಹೊರಗೆ ತೆಗೀಬೇಕು, ಆಮೇಲೆ ಫಾರ್ಮ್ಯಾಟು."

ಹೇಳಿದ ಮೇಲೆ ನನಗೇ ಮೈ ಜುಮ್ಮೆಂದಿತು. ಆದರೆ ಬೇರೆ ಹೇಗೆ ಹೇಳುವುದು? ಲಿನಕ್ಸು ಮುಂದಿನ ಸ್ವಲ್ಪ ಜಾಗವನ್ನು ಮಾತ್ರ ತುಳಿದಿತ್ತು. ಅದರ ಹಿಂದಿನ ಕತ್ತಲಲ್ಲಿ ಹಳೆಯದು ಇರಬಹುದು, ಇಲ್ಲದೆಯೂ ಇರಬಹುದು. ಹುಡುಕುವ ಸಾಫ್ಟ್‌ವೇರ್ ಬಿಟ್ಟು ಎಲ್ಲರೂ ಸುತ್ತ ಕೂತೆವು. ಕಾಲೇಜಿಗೆ ಹೋಗುವ ಮೊಮ್ಮಗಳು ಮಂಡಿ ಅಪ್ಪಿಕೊಂಡು ತೆರೆಯನ್ನೇ ನೋಡುತ್ತಿದ್ದಳು.

ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಒಂದೊಂದೇ ಮೇಲೆ ಬಂದವು. ಹೆಸರಿಲ್ಲ, ತಾರೀಖಿಲ್ಲ, ಬರೀ ಅಂಕಿ ಹೊತ್ತ ಫೈಲುಗಳು. ಎಲ್ಲವನ್ನೂ ಎರಡು ಕಡೆ ಉಳಿಸಿಟ್ಟೆ. ಅಕ್ಕ ಹೂಂ ಅಂದಮೇಲೆ ಡ್ರೈವನ್ನು ಪೂರ್ತಿ ಒರೆಸಿ, ಒಂದೇ ಭಾಗ ಮಾಡಿ, ಫಾರ್ಮ್ಯಾಟ್ ಮಾಡಿದೆ. ಕುಗ್ಗಿದ್ದ ಡ್ರೈವು ಮತ್ತೆ ಅರವತ್ತನಾಲ್ಕಾಯಿತು. ಫೈಲುಗಳನ್ನು ಅದಕ್ಕೇ ತುಂಬುವಷ್ಟರಲ್ಲಿ ಅಕ್ಕ ಅಡುಗೆಮನೆಗೆ ಹೋಗಿ ಬಂದರು. ಮೊದಲಿನದನ್ನು ಒತ್ತಿದೆ.

ಬರೀ ಗೊರಗೊರ. ಎರಡನೆಯದರಲ್ಲಿ ಯಾರೋ ಉಸಿರಾಡಿದ ಸದ್ದು, ಬಳೆ ಸದ್ದು. ಮಾತಿಲ್ಲ. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡರು. ಮೂರನೆಯದು ಶುರುವಾದದ್ದೇ ಮಾತಿನ ನಡುವಿನಿಂದ.

"...ಯಾರದು ಹಿಂದೆ ನಿಂತಿರೋದು?"

ನನ್ನ ಕುರ್ಚಿಯ ಹಿಂದೆ ನಿಂತಿದ್ದವರು ಭಾವ. ಅವರ ಮುಖ ಸುಣ್ಣದ ಹಾಗಾಯಿತು.

"ಹಾಗೆ ತಲೆ ಮೇಲೆ ನಿಂತ್ಕೋಬೇಡ ಅಂತ ಎಷ್ಟು ಸಲ ಹೇಳ್ಲೋ? ಕೂತ್ಕೊ."

ಭಾವ ಕೂತರು. ಪಕ್ಕದಲ್ಲಿ ಕುರ್ಚಿ ಇರಲಿಲ್ಲ, ನೆಲದ ಮೇಲೇ ಕೂತರು.

"ಅಜ್ಜಿ ಕ್ಯಾನ್ ಸೀ ಅಸ್?" ಅಂದಳು ಮೊಮ್ಮಗಳು, ತುಟಿ ಮಾತ್ರ ಅಲ್ಲಾಡಿಸಿ.

"ಇದು ಆವತ್ತಿನದು ಪುಟ್ಟಾ, ಈಗಿಂದಲ್ಲ," ಅಂತ ನಾನು ಹೇಳಿದೆ. ನನ್ನ ದನಿ ಅಷ್ಟೇನೂ ಖಾತ್ರಿಯಾಗಿ ಬರಲಿಲ್ಲ.

ದೊಡ್ಡತ್ತೆ ಮೆಂತ್ಯ ಹುರಿಯುವುದನ್ನು ಹೇಳುತ್ತಿದ್ದರು. ಕೆಂಪಗಾಗಬೇಕು, ಕಪ್ಪಗಲ್ಲ. ಕರಿಬೇವು ಕೊನೆಗೆ. ಅಕ್ಕ ನಿಧಾನವಾಗಿ ಸರಿದು ಭಾವನ ಪಕ್ಕ ನೆಲದ ಮೇಲೆ ಕೂತು ಅವರ ತೋಳು ಹಿಡಿದುಕೊಂಡರು. ಬೆಳಗಿನಿಂದ ಅವರಿಬ್ಬರ ನಡುವೆ ಆದ ಮೊದಲ ಮಾತು ಅದೇ.

ಆಗ ದನಿ ಥಟ್ಟನೆ ನಿಂತಿತು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಗದರಿಕೆ:

"ಅಯ್ಯೋ! ಎಲ್ಲಾರೂ ಹೀಗೆ ನನ್ನನ್ನೇ ನೋಡ್ತಾ ಕೂತ್ರೆ ಒಲೆ ಮೇಲಿನ ಹಾಲು ಯಾರೇ ನೋಡೋರು?"

"ಹಾಲು!" ಅಂತ ಅಕ್ಕ ಕಿರುಚಿಕೊಂಡು ಎದ್ದರು. "ಕಾಫಿಗೆ ಅಂತ ಇಟ್ಟಿದ್ನಲ್ಲೇ!"

ಎಲ್ಲರೂ ಅಡುಗೆಮನೆಗೆ ಓಡಿದೆವು. ಹಾಲು ಪಾತ್ರೆಯ ಅಂಚಿನವರೆಗೆ ಎದ್ದು, ಆಗಷ್ಟೇ ಒಂದು ಗೆರೆ ಹೊರಗೆ ಇಳಿಯುತ್ತಿತ್ತು. ಮೊದಲು ಕೈ ಚಾಚಿ ಒಲೆ ಆರಿಸಿದವರು ಭಾವ. ಆರಿಸಿ, ಮೂಗು ಒರೆಸಿಕೊಂಡು, ಊಟದ ಮೇಜಿನ ಕಡೆ ತಿರುಗಿ ಕೂಗಿ ಹೇಳಿದರು.

"ಆಫ್ ಮಾಡ್ದೆ ಅಮ್ಮಾ!"