ಮಾವನ ಏಳು ಕೋಟಿ

ನಮ್ಮ ಸೋದರಮಾವನಿಗೆ ಇಬ್ಬರು ಹೆಂಡತಿಯರು ಎಂದರೆ ಬೆಚ್ಚಬೇಡಿ, ವಿಜಯಪುರಕ್ಕೆಲ್ಲ ಗೊತ್ತಿರುವ ವಿಷಯವೇ ಇದು! ಒಬ್ಬರು ನಮ್ಮತ್ತೆ. ಇನ್ನೊಂದು, ಏಳು ಕೋಟಿ ಮೂವತ್ತೊಂಬತ್ತು ಲಕ್ಷ ಮೂವತ್ತೊಂಬತ್ತು ಸಾವಿರದ ನೂರ ಮೂವತ್ತಮೂರು. ಹೌದು, ಒಂದು ಸಂಖ್ಯೆ. ಅತ್ತೆ ಅದನ್ನು ಕರೆಯುವುದೇ "ನನ್ನ ಸವತಿ" ಎಂದು.

ರೇಷ್ಮೆ ನೂಲು ಹುರಿ ಮಾಡುವ ಮಿಷನ್ ಇಟ್ಟುಕೊಂಡಿರುವ ಮಾವನಿಗೆ ಇದು ಎಲ್ಲಿ ಗಂಟುಬಿತ್ತೋ! ಶೆಡ್ಡಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ 73939133 ಎಂದು ಬರೆದು, ನೂಲು ಕೊಳ್ಳಲು ಬಂದವರನ್ನು ನಿಲ್ಲಿಸಿಕೊಳ್ಳುತ್ತಿದ್ದರು.

"ಒಂದು ಬಿಟ್ರೆ ಅದೇ, ಬೇರೆ ಯಾವುದರಿಂದ ಭಾಗಿಸಿದ್ರೂ ಶೇಷ ಉಳಿಯುತ್ತೆ. ಈಗ ಕೊನೇ ಅಂಕೆ ಒಂದನ್ನ ಅಳಿಸ್ತೀನಿ ನೋಡಿ. ಉಳಿದಿದ್ದೂ ಹಂಗೇ. ಇನ್ನೊಂದು ಅಳಿಸ್ತೀನಿ. ಅದೂ ಹಂಗೇ."

ಹೀಗೆ ಅಳಿಸುತ್ತಾ ಅಳಿಸುತ್ತಾ ಏಳು ಒಂದೇ ಉಳಿಯುವ ಹೊತ್ತಿಗೆ ಗಿರಾಕಿ ಉಳಿದಿರುತ್ತಿರಲಿಲ್ಲ.

"ಈ ಜಾತಿಯಲ್ಲಿ ಇದೇ ದೊಡ್ಡದು ಕಣಮ್ಮ," ಎಂದು ಆಮೇಲೆ ನನಗೆ ಹೇಳುವರು. "ಇದರ ಮುಂದೆ ಯಾವ ಅಂಕೆ ಇಟ್ರೂ ಒಡೆದೋಗುತ್ತೆ."

ನನ್ನ ಮಗಳ ನಾಮಕರಣದ ದಿನ ಊಟಕ್ಕಿದ್ದವರು ಐವತ್ತಮೂರು ಜನ. ಎಲೆ ಹಾಕಿ ಎಂದರೆ ಮಾವ ಕೈಯಲ್ಲಿ ಎಲೆ ಹಿಡಿದು ಅರ್ಧ ಗಂಟೆ ನಿಂತರು. ಮುಖದಲ್ಲಿ ಏನು ಸಂಭ್ರಮ!

"ಸಮ ಸಾಲು ಬರೋದೇ ಇಲ್ಲ ಕಣಮ್ಮ. ಐವತ್ತಮೂರು ಅವಿಭಾಜ್ಯ."

ಅತ್ತೆ ಹುಳಿಯ ಸೌಟಿನ ಸಮೇತ ಬಂದರು. "ನೀವು ಊಟಕ್ಕೆ ಕೂತ್ಕೋಬೇಡಿ. ಐವತ್ತೆರಡಾಗುತ್ತೆ."

ಮಾವ ಒಂದಿಷ್ಟೂ ಬೇಸರಪಡದೆ ಹದಿಮೂರರ ನಾಲ್ಕು ಸಾಲು ಹಾಕಿದರು!

ಹೋದ ವರ್ಷ ಮಾವನಿಗೆ ಲಕ್ವ ಹೊಡೆದು ಮಾತು ನಿಂತುಹೋಯಿತು. ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು. ನಾನು ದಿನಾ ಬೆಳಗ್ಗೆ ಆಸ್ಪತ್ರೆಗೆ ಡಬ್ಬಿಯಲ್ಲಿ ಗಂಜಿ ಒಯ್ಯುತ್ತಿದ್ದೆ. ಅತ್ತೆ ಮಂಚದ ಪಕ್ಕ ಬಿಟ್ಟು ಕದಲುತ್ತಿರಲಿಲ್ಲ.

ನಾಲ್ಕನೆಯ ದಿನ ಡಾಕ್ಟರು ಎರಡು ಬೆರಳು ತೋರಿಸಿ ಎಷ್ಟು ಎಂದು ಕೇಳಿದರು. ಮಾವ ಕಷ್ಟಪಟ್ಟು ಬಾಯಿ ತೆರೆದು, "ಏಳು," ಎಂದರು. ಡಾಕ್ಟರು ತಲೆ ಅಲ್ಲಾಡಿಸಿದರು. ಮರುದಿನ ಅದೇ ಎರಡು ಬೆರಳಿಗೆ, "ಏಳು, ಮೂರು." ಅದರ ಮರುದಿನ, "ಏಳು, ಮೂರು, ಒಂಬತ್ತು."

ನನ್ನ ಕೈಯಲ್ಲಿದ್ದ ಗಂಜಿ ಚೆಲ್ಲಿತು. "ಡಾಕ್ಟ್ರೇ, ಅವರು ಸರಿಯಾಗೇ ಹೇಳ್ತಿದಾರೆ!"

ಈಗ ಡಾಕ್ಟರು ನನ್ನ ಕಡೆಗೂ ಎರಡು ಬೆರಳು ತೋರಿಸಿದರು.

ದಿನಕ್ಕೊಂದು ಅಂಕೆ. ಅಳಿಸಿಹೋದ ಗೋಡೆಯ ಮೇಲೆ ಮಾವ ಮತ್ತೆ ಬರೆಯುತ್ತಿದ್ದರು! ಐದನೆಯ ಅಂಕೆಯವರೆಗೆ ಬಂದು ನಿಂತರು. ಒಂದು ದಿನ, ಎರಡು ದಿನ, ತುಟಿ ನಡುಗುವುದೇ ಹೊರತು ಮುಂದಿನದು ಬರದು. ಕಣ್ಣಲ್ಲಿ ನೀರು. ಆ ಗೋಡೆಯನ್ನು ಇಷ್ಟು ವರ್ಷ ನೋಡಿದ ನನಗೂ ಆ ಗಾಬರಿಯಲ್ಲಿ ನೆನಪಾಗಲಿಲ್ಲ.

ಟವೆಲ್ ಮಡಿಸುತ್ತಿದ್ದ ಅತ್ತೆ ತಲೆ ಎತ್ತದೆ ಹೇಳಿದರು: "ಒಂದು. ಆಮೇಲೆ ಎರಡು ಸಲ ಮೂರು. ಹೇಳಿ."

ಮಾವ ಅತ್ತೆಯ ಕಡೆ ಮುಖ ತಿರುಗಿಸಿದರು.

"ಒಂದು," ಎಂದರು. "ಮೂರು. ಮೂರು."

ಆಮೇಲೆ, ಇದರ ಮುಂದೆ ಏನೂ ಇಡಬಾರದೆಂದು ಊರಿಗೆಲ್ಲ ಪಾಠ ಹೇಳಿದ ನಮ್ಮ ಮಾವ, ಮೆಲ್ಲಗೆ ಅತ್ತೆಯ ಹೆಸರು ಸೇರಿಸಿದರು.